ಇತಿಹಾಸ ಓದಲು ಮಾನಸಗಂಗೋತ್ರಿಯೋ, ಧಾರವಾಡವೋ, ಜ್ಞಾನಭಾರತಿಯೋ?

ಇತಿಹಾಸದಲ್ಲಿ ಎಂ.ಎ. ಮಾಡಬೇಕೆನ್ನುವವರು ನನ್ನ ಬಳಿ ಬಂದಾಗ ಕೇಳುವುದು ಒಂದೇ ಪ್ರಶ್ನೆ: ಯಾವ ವಿಶ್ವವಿದ್ಯಾಲಯಕ್ಕೆ ಹೆಸರು ಜಾಸ್ತಿ? ನಾನು ಎಂ.ಎ. ಓದಿದ್ದು ಮೈಸೂರಿನಲ್ಲಿ, ಪಿಎಚ್.ಡಿ. ಮಾಡಿದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ಸಂಶೋಧನೆಯ ಕಾಲದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣವಾದ ಜ್ಞಾನಭಾರತಿಯ ಗ್ರಂಥಾಲಯದಲ್ಲೂ ಬಹಳ ದಿನ ಕೂತಿದ್ದೇನೆ. ಮೂರೂ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳು, ಹೆಸರು ಮೂರಕ್ಕೂ ಇದೆ. ನೋಡಬೇಕಾದದ್ದು ನೀವು ಓದಲಿರುವ ವಿಷಯಕ್ಕೆ ಬೇಕಾದ ಸಾಮಗ್ರಿ ನಿಮ್ಮ ವಿಭಾಗದಿಂದ ಎಷ್ಟು ಹತ್ತಿರದಲ್ಲಿದೆ ಎನ್ನುವುದನ್ನು.

ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಸ್ಥಾಪಿಸಿದ್ದು. ಸ್ನಾತಕೋತ್ತರ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಕುಲಪತಿಯಾಗಿದ್ದ ಕುವೆಂಪು. ಒಂದು ಬದಿಗೆ ಕುಕ್ಕರಹಳ್ಳಿ ಕೆರೆ, ಆವರಣದೊಳಗೇ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ. ಆದರೆ ಇತಿಹಾಸದ ವಿದ್ಯಾರ್ಥಿಗೆ ನಿಜವಾದ ಆಸ್ತಿ ಇರುವುದು ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ. 1891ರಲ್ಲಿ ಶುರುವಾದ ಆ ಸಂಸ್ಥೆಯಲ್ಲೇ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಸಿಕ್ಕಿ, 1909ರಲ್ಲಿ ಅದು ಅಚ್ಚಾಯಿತು. ಅಲ್ಲಿನ ತಾಳೆಗರಿಗಳಿಗೆ ಹುಳು ಹತ್ತದಂತೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರೆ. ಪಠ್ಯದಲ್ಲಿ ಒಂದು ಸಾಲಾಗಿ ಬರುವ ಆಕರ ಎನ್ನುವುದು ಕಣ್ಣೆದುರಿಗೆ ಹೇಗಿರುತ್ತದೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಎಂ.ಎ.ಯ ಎರಡು ವರ್ಷಕ್ಕೆ ಮೈಸೂರು ಬಹಳ ಒಳ್ಳೆಯದು. ಬೇರೆ ದೇಶಗಳ ವಿದ್ಯಾರ್ಥಿಗಳ ಒಡನಾಟ ಸಿಗುತ್ತದೆ, ಉಪನ್ಯಾಸಕರಾಗಲು ಬೇಕಾದ ನೆಟ್, ಕೆ-ಸೆಟ್ ಅರ್ಹತಾ ಪರೀಕ್ಷೆಗಳಿಗೆ ಓದುವವರ ಜೊತೆಯೂ ಸಿಗುತ್ತದೆ. ಒಂದು ಎಚ್ಚರ ಮಾತ್ರ ಬೇಕು: ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲೇ ಮುಳುಗಿ ವಿಭಾಗದ ಓದನ್ನು ಬದಿಗಿಡುವ ಗೆಳೆಯರ ಗುಂಪು ಬೇಗ ಸಿಕ್ಕಿಬಿಡುತ್ತದೆ.

ಶಾಸನ ಮತ್ತು ಪ್ರಾಚೀನ ಇತಿಹಾಸದ ಕಡೆಗೆ ಒಲವಿದ್ದರೆ ನನ್ನ ಓಟು ಧಾರವಾಡಕ್ಕೆ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಈ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂತು. ಗುಡ್ಡದ ಮೇಲಿನ ಆವರಣವನ್ನು ಕಟ್ಟಿ ಬೆಳೆಸಿದವರು ಕುಲಪತಿಯಾಗಿದ್ದ ಡಿ.ಸಿ. ಪಾವಟೆ. ವಿಶ್ವವಿದ್ಯಾಲಯಕ್ಕಿಂತ ಹಳೆಯದು ಅದರ ಒಡಲಲ್ಲಿರುವ ಕನ್ನಡ ಸಂಶೋಧನಾ ಸಂಸ್ಥೆ, 1939ರದ್ದು. ಇತಿಹಾಸಕಾರ ಷ. ಶೆಟ್ಟರ್ ಪಾಠ ಹೇಳಿದ್ದೂ, ಎಂ.ಎಂ. ಕಲಬುರ್ಗಿ ಅವರು ಕನ್ನಡ ಕಲಿಸಿದ್ದೂ ಇದೇ ಆವರಣದಲ್ಲಿ.

ಶಾಸನದ ಪಡಿಯಚ್ಚು ತೆಗೆಯುವುದನ್ನು ನಾನು ಕೈಯಾರೆ ಕಲಿತದ್ದು ಧಾರವಾಡಕ್ಕೆ ಬಂದ ಮೇಲೆ. ಕಲ್ಲಿನ ಪಾಚಿ, ಸುಣ್ಣವನ್ನೆಲ್ಲ ತಿಕ್ಕಿ ತೊಳೆದು, ಒದ್ದೆ ಕಾಗದ ಹೊದಿಸಿ, ಅದು ಅಕ್ಷರದ ಗುಳಿಗಳೊಳಗೆ ಇಳಿಯುವವರೆಗೆ ಬ್ರಷ್ಷಿನಿಂದ ಒಂದೇ ಹದದಲ್ಲಿ ಬಡಿಯಬೇಕು. ಕಾಗದ ಅರೆಬರೆ ಒಣಗಿದಾಗ ಮಸಿ ಒತ್ತಿದರೆ ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ನೀರು ಹೆಚ್ಚಾದರೆ ಮಸಿ ಹರಡುತ್ತದೆ, ಬಡಿತ ಜೋರಾದರೆ ಕಾಗದ ಹರಿಯುತ್ತದೆ. ಈ ಹದ ಪುಸ್ತಕ ಓದಿ ಬರುವಂಥದ್ದಲ್ಲ, ಕಲ್ಲಿನ ಮುಂದೆ ಮತ್ತೆ ಮತ್ತೆ ಕೂರಬೇಕು. ಧಾರವಾಡದ ಸುತ್ತ ಅಂಥ ಕಲ್ಲುಗಳಿಗೆ ಬರವಿಲ್ಲ. ಬೆಳಿಗ್ಗೆ ಬಸ್ ಹತ್ತಿದರೆ ಅಣ್ಣಿಗೇರಿಯನ್ನೋ, ಅತ್ತಿಮಬ್ಬೆಯ ಬಸದಿ ಇರುವ ಲಕ್ಕುಂಡಿಯನ್ನೋ ನೋಡಿ ರಾತ್ರಿ ಊಟಕ್ಕೆ ಹಾಸ್ಟೆಲ್‌ಗೆ ಮರಳಬಹುದು. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಹೊರಗಿನ ಕೆಲಸ ಸಾಗದು, ಕಾಗದ ಒಣಗುವುದೇ ಇಲ್ಲ. ಓದಿಗೆ, ಬರವಣಿಗೆಗೆ ಅದೇ ಸುಗ್ಗಿ.

ಜ್ಞಾನಭಾರತಿ ಬೇರೆ ಥರದವರಿಗೆ ಒಪ್ಪುತ್ತದೆ. ಕೆಲಸ ಮಾಡುತ್ತ ಓದುವವರಿಗೆ, ಊರು ಬಿಡಲಾಗದವರಿಗೆ ಅದೇ ಸರಿ. ಮೆಟ್ರೊ ನಿಲ್ದಾಣ ಆವರಣದ ಹತ್ತಿರವೇ ಇದೆ. ಆಧುನಿಕ ಇತಿಹಾಸದ ಮೇಲೆ ಕೆಲಸ ಮಾಡುವವರಿಗಂತೂ ಹಳೆಯ ಸರ್ಕಾರಿ ದಾಖಲೆಗಳಿರುವ ರಾಜ್ಯ ಪತ್ರಾಗಾರ ಅದೇ ಊರಿನಲ್ಲಿರುವುದು ದೊಡ್ಡ ಅನುಕೂಲ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾಗಿದೆ. ಸೆಂಟ್ರಲ್ ಕಾಲೇಜಿನ ಆವರಣ ಈಗ ನಗರ ವಿಶ್ವವಿದ್ಯಾಲಯದ್ದು, ಕೋಲಾರದ ಕಡೆಯದು ಉತ್ತರ ವಿಶ್ವವಿದ್ಯಾಲಯದ್ದು. ಅರ್ಜಿ ಹಾಕುವ ಮೊದಲು ಯಾವುದಕ್ಕೆ ಹಾಕುತ್ತಿದ್ದೀರಿ ಎಂದು ಸರಿಯಾಗಿ ನೋಡಿಕೊಳ್ಳಿ.

ಮುಂದೆ ಪಿಎಚ್.ಡಿ. ಮಾಡುವ ಮನಸ್ಸಿದ್ದರೆ ವಿಭಾಗಕ್ಕೆ ಖುದ್ದಾಗಿ ಹೋಗಿ ಕಾಯಂ ಬೋಧಕರು ಎಷ್ಟು ಜನ ಇದ್ದಾರೆ ಎಂದು ಕೇಳಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನಿಯಮದ ಪ್ರಕಾರ ಪ್ರಾಧ್ಯಾಪಕರು ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧಕರಿಗಷ್ಟೇ ಮಾರ್ಗದರ್ಶನ ಮಾಡಬಹುದು. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿವೆ. ಪಾಠವನ್ನು ಅತಿಥಿ ಉಪನ್ಯಾಸಕರು ನಿಭಾಯಿಸುತ್ತಾರೆ, ಬಹಳ ಜನ ಚೆನ್ನಾಗಿಯೇ ಮಾಡುತ್ತಾರೆ. ಆದರೆ ಕಾಯಂ ಬೋಧಕರು ಒಬ್ಬೊಬ್ಬರೇ ನಿವೃತ್ತರಾದಂತೆ ಪಿಎಚ್.ಡಿ. ಸೀಟುಗಳೂ ಕರಗುತ್ತವೆ. ಪ್ರತಿಭಾವಂತ ಹುಡುಗ ಹುಡುಗಿಯರು ಮಾರ್ಗದರ್ಶಕರು ಸಿಗದೆ ಸಂಶೋಧನೆಯ ಆಸೆಯನ್ನೇ ಕೈಬಿಟ್ಟಿದ್ದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ಹಾಗಾಗಿ ಎಂ.ಎ. ಎಲ್ಲಿ ಮಾಡಿದರೂ, ಸಂಶೋಧನೆಗೆ ನಿಮ್ಮ ವಿಷಯ ಬಲ್ಲವರು, ಇನ್ನೂ ಕೆಲವು ವರ್ಷ ಸೇವೆ ಉಳಿದಿರುವವರು ಎಲ್ಲಿದ್ದಾರೋ ಆ ಊರಿಗೆ ಹೋಗಲು ಹಿಂಜರಿಯಬೇಡಿ. ನೆಟ್‌ನಲ್ಲಿ ಹೆಚ್ಚು ಅಂಕ ಪಡೆದವರಿಗೆ ಕೊಡುವ ಸಂಶೋಧನಾ ಶಿಷ್ಯವೇತನ, ಅಂದರೆ ಜೆಆರ್‌ಎಫ್, ಸಿಕ್ಕವರಿಗೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಧಾರವಾಡದಲ್ಲಿ ಅಷ್ಟಿದ್ದರೆ ಹಾಸ್ಟೆಲ್, ಪುಸ್ತಕ, ಊರೂರು ಸುತ್ತುವ ಖರ್ಚು ಎಲ್ಲ ಕಳೆದು ಮನೆಗೂ ಒಂದಿಷ್ಟು ಕಳಿಸಬಹುದು.