ಆನೆಗುಂದಿಯ ಕುದುರೆ ಸವಾರಿ: ಹತ್ತು ನಿಮಿಷ ಕಾಯಿಸಿದರು, ಖುಷಿಯಾಯಿತು

ಗಂಗಾವತಿ ಕಡೆಯಿಂದ ಆನೆಗುಂದಿಗೆ ಹೋಗುವವರಿಗೆ ಮೊದಲೇ ಹೇಳುತ್ತೇನೆ, ಇಲ್ಲಿ ಕುದುರೆಯನ್ನು ಜೋರಾಗಿ ಓಡಿಸಲು ಬಿಡುವುದಿಲ್ಲ. ನಡಿಗೆ, ನಡುವೆ ಸ್ವಲ್ಪ ಸಣ್ಣ ಓಟ, ಅಷ್ಟೇ. ಗಂಟೆಗೆ 700 ರೂಪಾಯಿ.

ನಾನೂ ಮಗಳೂ ಭಾನುವಾರ ಬೆಳಿಗ್ಗೆ ಹೋಗಿದ್ದೆವು. ನಮ್ಮ ಸರದಿ ಬಂದಾಗ ಯಜಮಾನರು ಸ್ಟೆತಾಸ್ಕೋಪ್ ತೆಗೆದು ಕುದುರೆಯ ಎಡಗಡೆ ಮುಂಗಾಲಿನ ಹಿಂದೆ ಇಟ್ಟು ಎಣಿಸಿದರು, ಕುತ್ತಿಗೆಯ ಚರ್ಮ ಚಿವುಟಿ ನೋಡಿದರು. "ಈಗಷ್ಟೇ ಒಂದು ಸುತ್ತು ಬಂದೈತ್ರೀ, ಎದಿ ಬಡಿತ ಇನ್ನ ಇಳಿದಿಲ್ಲ. ಹತ್ತು ನಿಮಿಷ ಕುಂದರ್ರಿ" ಅಂದರು. ಹಿಂದೆ ನಿಂತವರು ಗೊಣಗಿದರು. ನನಗೆ ಮಾತ್ರ ಟೆವಿಸ್ ಕಪ್ ನೆನಪಾಯಿತು.

ಕ್ಯಾಲಿಫೋರ್ನಿಯಾದಲ್ಲಿ ತಾಹೋ ಸರೋವರದ ಕಡೆಯಿಂದ ಬೆಟ್ಟ ಕಣಿವೆ ದಾಟಿ ಆಬರ್ನ್ ಊರಿನ ತನಕ ನಡೆಯುವ ಸವಾರಿ ಅದು, 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್, 24 ಗಂಟೆಯೊಳಗೆ ಮುಗಿಸಬೇಕು. 1955ರಲ್ಲಿ ವೆಂಡೆಲ್ ರೋಬಿ ಎಂಬವರು, ಈ ಕಾಲದ ಕುದುರೆಗೂ ಅದು ಸಾಧ್ಯ ಎಂದು ತೋರಿಸಲು ಗೆಳೆಯರ ಜೊತೆ ಹೊರಟಿದ್ದರಿಂದ ಶುರುವಾಯಿತು. ದುಡ್ಡಿನ ಬಹುಮಾನ ಇಲ್ಲ. ಮುಗಿಸಿದವರಿಗೆಲ್ಲ ಬೆಲ್ಟಿಗೆ ಹಾಕುವ ಒಂದು ಬೆಳ್ಳಿ ಬಕಲ್. ಹೊರಟವರಲ್ಲಿ ಹೆಚ್ಚುಕಡಿಮೆ ಅರ್ಧ ಜನರಷ್ಟೇ ಮುಗಿಸುವುದರಿಂದ ಆ ಬಕಲ್‌ಗೆ ಎಷ್ಟು ಮರ್ಯಾದೆ ಅಂತ ಯೋಚಿಸಿ! ದಾರಿಯುದ್ದಕ್ಕೂ ಪಶುವೈದ್ಯರು ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ, ಕುಂಟಿದರೆ ಅಲ್ಲಿಗೇ ಮುಗಿಯಿತು. ಕೊನೆ ಗೆರೆ ದಾಟಿದ ಮೇಲೂ, ಕುದುರೆ ಇನ್ನೂ ಮುಂದಕ್ಕೆ ಹೋಗುವಷ್ಟು ಚೆನ್ನಾಗಿದೆ ಎಂದು ಅವರು ಒಪ್ಪಬೇಕು. 1964ರಿಂದ ಹ್ಯಾಗಿನ್ ಕಪ್ ಅಂತ ಇನ್ನೊಂದಿದೆ, ಮೊದಲ ಹತ್ತರಲ್ಲಿ ಬಂದ ಕುದುರೆಗಳ ಪೈಕಿ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದಕ್ಕೆ. ನನ್ನ ಕಣ್ಣಿಗೆ ಅದೇ ದೊಡ್ಡದು.

ಅಲ್ಲಿ ಜಾಸ್ತಿ ಗೆಲ್ಲುವುದು ಅರಬ್ಬಿ ಕುದುರೆ. ನದಿಯಾಚೆ ಹಂಪಿಯ ಮಹಾನವಮಿ ದಿಬ್ಬದ ಕಲ್ಲಲ್ಲಿ ಕುದುರೆ ಮಾರಲು ಬಂದ ಪರದೇಶದವರನ್ನು ಕೆತ್ತಿದ್ದಾರಲ್ವಾ, ಅರೇಬಿಯಾದ ಕುದುರೆಗಳನ್ನು ವಿಜಯನಗರದವರು ಹಡಗಿನಲ್ಲಿ ತರಿಸುತ್ತಿದ್ದರು. ಇಲ್ಲಿರುವುದು ಅರಬ್ಬಿ ಅಲ್ಲ, ಕಿವಿ ಒಳಕ್ಕೆ ಬಾಗಿದ ಕಾಠಿಯಾವಾಡಿ. ಮೈ ತುಂಬಿದೆ, ಬೆನ್ನಿನ ಮೇಲೆ ಜೀನು ಉಜ್ಜಿದ ಒಂದು ಗಾಯವೂ ಇಲ್ಲ, ನಾನು ತಡಿ ಎತ್ತಿಸಿ ನೋಡಿದೆ.

ಸಾಣಾಪುರದ ಕಡೆ ಬಂಡೆ ಇಳಿಜಾರು ಬಂದಾಗ ನಮ್ಮನ್ನು ಕೆಳಗಿಳಿಸಿ ನಡೆಸಿದರು. ಟೆವಿಸ್ ಸವಾರರೂ ಕಡಿದಾದ ಕಡೆ ಇಳಿದು ಕುದುರೆ ಪಕ್ಕ ನಡೆಯುತ್ತಾರೆ. 1974ರಲ್ಲಿ ಗಾರ್ಡಿ ಐನ್ಸ್‌ಲೀ ಎಂಬ ಸವಾರ ಕುದುರೆಯೇ ಇಲ್ಲದೆ ಅಷ್ಟೂ ದಾರಿ ಓಡಿ, 24 ಗಂಟೆಯೊಳಗೆ ಮುಟ್ಟಿದರು!

ಒಂದೇ ಕೊರತೆ ಹೆಲ್ಮೆಟ್. ಮಕ್ಕಳ ಅಳತೆಯದು ಇಲ್ಲ, ಮಗಳಿಗೆ ಕೊಟ್ಟದ್ದು ಕಣ್ಣಿನ ಮೇಲೆ ಜಾರುತ್ತಿತ್ತು. ಹೇಳಿ ಬಂದಿದ್ದೇನೆ, ಚಿಕ್ಕವರನ್ನು ಕರೆದೊಯ್ಯುವವರು ಸದ್ಯಕ್ಕೆ ಮನೆಯಿಂದಲೇ ಒಯ್ಯಿರಿ. ಬೇಸಿಗೆಯಲ್ಲಿ ಎಂಟು ಗಂಟೆಯೊಳಗೆ ಹೋಗಿ. ಆಮೇಲೆ ಬಿಸಿಲು ಅಂತ ಕುದುರೆ ಹೊರಗೆ ತರುವುದೇ ಇಲ್ಲ.