ತಾಮ್ರದ ಹಂಡೆ ಜೊತೆ ‘ಮನೆ ಬಳಕೆ ಪರ್ಮಿಟ್’ ಕೊಡ್ತೀವಿ ಅಂದರೆ ನಂಬಬೇಡಿ

ಗೇರುಹಣ್ಣಿನ ಸೀಸನ್ ಶುರುವಾಗುವ ಮೊದಲೇ ಇದನ್ನು ಓದಿ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ನನ್ನ 32,500 ರೂಪಾಯಿ ಹೋಯಿತು. ಅದು ಹಾಳಾಗಿ ಹೋಗಲಿ, ಕೇಸ್ ಆಗುವುದು ಸ್ವಲ್ಪದರಲ್ಲಿ ತಪ್ಪಿತು.

ನಮ್ಮದು ಪುತ್ತೂರು ಕಡೆ. ಬೀಜ ತಿರುಪಿ ತೆಗೆದ ಮೇಲೆ ಹಣ್ಣೆಲ್ಲ ಗುಡ್ಡದಲ್ಲಿ ಸುಮ್ನೆ ಕೊಳೆಯುತ್ತದೆ. ಫೋನಿನಲ್ಲಿ ಒಂದು ವಿಡಿಯೊ ಬಂತು. ತಾಮ್ರದ ಹಂಡೆ, ಸುರುಳಿ ಕೊಳವೆ, ‘ನಿಮ್ಮ ಮನೆಯಲ್ಲೇ ಫೆನಿ’ ಅಂತ. ಫೆನಿ ಅಂದರೆ ಗೇರುಹಣ್ಣಿನ ಸಾರಾಯಿ. ಫೋನ್ ಮಾಡಿ ಮೊದಲು ಕೇಳಿದ್ದೇ ಕಾನೂನಿನ ವಿಷಯ. ಮೊದಲು ಅದನ್ನೇ ಕೇಳಿದ್ದೆ!

“ಮಾರಿದ್ರೆ ಮಾತ್ರ ಲೈಸೆನ್ಸ್ ಸಾರ್. ಮನೆಗೆ ಅಂತ ಮಾಡಿದ್ರೆ ಏನೂ ಬೇಡ. ಗೋವಾದಲ್ಲಿ ಎಲ್ಲರೂ ಮಾಡಲ್ವಾ?” ಅಂದ. ಹಂಡೆಗೆ 28,000 ಕಳಿಸಿದೆ. ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿ, “ಸೇಫ್ಟಿಗೆ ಮನೆ ಬಳಕೆ ಪರ್ಮಿಟ್ ಮಾಡಿಸಿಕೊಡ್ತೀವಿ, 4,500” ಅಂದ. ಏನೂ ಬೇಡ ಅಂದವನು ಪರ್ಮಿಟ್ ಯಾಕೆ ಮಾರುತ್ತಾನೆ? ಆಗ ನನಗೆ ಹೊಳೆಯಲೇ ಇಲ್ಲ. ಅದನ್ನೂ ಕಳಿಸಿದೆ.

ಹಣ್ಣು ಹಿಂಡಲು ಸೋಮವಾರಕ್ಕೆ ಆಳು ಹೇಳಿದ್ದೆ. ಭಾನುವಾರ ಭಾವ ಬಂದರು, ಅವರು ವಕೀಲರು. ಹಂಡೆ ನೋಡಿದವರೇ, “ಭಾವ, ಇದನ್ನು ಎಲ್ಲಿಂದ ತಂದಿರಿ?” ಅಂದರು. ನಾನು ಜಂಬದಲ್ಲಿ ಪರ್ಮಿಟ್ ತೋರಿಸಿದೆ. ನೇರಳೆ ಬಣ್ಣದ ಗುಂಡು ಸೀಲು. ಸೀಲಿನಲ್ಲಿ ‘ಅಭಕಾರಿ ಇಲಾಖೆ’ ಅಂತ ಇತ್ತು. ಅಬಕಾರಿ ಅಲ್ಲ, ಅಭಕಾರಿ. ಅದನ್ನು ಎಷ್ಟು ಸಲ ನೋಡಿದ್ದೆನೋ, ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಬಿಲ್ ತೆಗೆಸಿದರು. ಅದರಲ್ಲಿ ‘ಸುಗಂಧ ಎಣ್ಣೆ ತೆಗೆಯುವ ಪಾತ್ರೆ – 1’. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ‘ಬೇರೆ ಕೆಲಸಕ್ಕೆ ಬಳಸಿದರೆ ಕೊಂಡವರೇ ಹೊಣೆ’. ಅಂದರೆ ಅವನಿಗೆ ಎಲ್ಲ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು. ಆ ಸಾಲು ಓದಿದಾಗ ಕೈ ನಡುಗಿತು.

ಭಾವ ಹೇಳಿದ್ದು ಇಷ್ಟು. ಕರ್ನಾಟಕ ಅಬಕಾರಿ ಕಾಯ್ದೆ 1965ರದ್ದು. ಅದರ 13ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಸಾರಾಯಿ ಇಳಿಸುವಂತಿಲ್ಲ. ಇಳಿಸುವುದಕ್ಕೆ ಅಂತ ಹಂಡೆ, ಕೊಳವೆ ಇಟ್ಟುಕೊಳ್ಳುವುದೂ ತಪ್ಪೇ. ಮನೆಗಾ ಮಾರಾಟಕ್ಕಾ ಅಂತ ಯಾರೂ ಕೇಳುವುದಿಲ್ಲ. 32ನೇ ಸೆಕ್ಷನ್‌ನಲ್ಲಿ ಜೈಲು, ದಂಡ ಎರಡೂ ಇದೆ. 2007ರ ಜುಲೈ 1ರಿಂದ ನಮ್ಮಲ್ಲಿ ಅಂಗಡಿಯ ಸಾರಾಯಿಯೇ ಬಂದ್ ಆಗಿದೆ, ಮನೆಯದಕ್ಕೆ ಯಾರು ಪರ್ಮಿಟ್ ಕೊಡುತ್ತಾರೆ? ಗೋವಾದಲ್ಲೂ ಭಟ್ಟಿಗೆ ಲೈಸೆನ್ಸ್ ಬೇಕು. ಅಲ್ಲಿಯ ಕಾನೂನು ಇಲ್ಲಿಗೆ ನಡೆಯುವುದೂ ಇಲ್ಲ.

ದುಡ್ಡು ವಾಪಸ್ ಕೇಳಿ ಮೆಸೇಜ್ ಹಾಕಿದೆ. “ನಾವು ಮಾರಿದ್ದು ಎಣ್ಣೆ ಪಾತ್ರೆ ಸಾರ್. ಬಿಲ್ ನೋಡಿ.” ಪರ್ಮಿಟ್ ದುಡ್ಡು? “ಅದು ಏಜೆಂಟ್ ಮಾಡಿದ್ದು. ನಮಗೆ ಸಂಬಂಧ ಇಲ್ಲ.” ಕಂಪ್ಲೇಂಟ್ ಕೊಡ್ತೀನಿ ಅಂದೆ. “ಕೊಡಿ ಸಾರ್. ಫೆನಿ ಮಾಡ್ತೀನಿ ಅಂತ ನೀವೇ ಹೇಳಿರೋ ರೆಕಾರ್ಡಿಂಗ್ ಇದೆ. ಮೊದಲು ನಿಮ್ಮನ್ನೇ ಕೇಳ್ತಾರೆ.”

ಈ ಕೊನೆಯ ಮಾತಿಗೆ ಹೆದರಿ ಹನ್ನೊಂದು ದಿನ ಸುಮ್ಮನಿದ್ದೆ. ಅದೇ ನನ್ನ ದೊಡ್ಡ ತಪ್ಪು. ಆಮೇಲೆ ಭಾವನ ಜೊತೆ ಅಬಕಾರಿ ಕಚೇರಿಗೆ ಹೋದೆ. ಅಲ್ಲಿದ್ದವರು ಕಾಗದವನ್ನು ಬೆಳಕಿಗೆ ಹಿಡಿದು, “ಇಂಥ ಪರ್ಮಿಟ್ಟೇ ಇಲ್ಲ” ಅಂದರು. ಅವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿದೆ. ಅಷ್ಟರಲ್ಲಿ ಆ ಖಾತೆ ಖಾಲಿಯಾಗಿತ್ತು.

ನಿಮಗೆ ಹೀಗಾದರೆ ಅವತ್ತೇ 1930ಕ್ಕೆ ಮಾಡಿ, ನನ್ನ ಹಾಗೆ ಕೂರಬೇಡಿ. ಲೈಸೆನ್ಸ್ ವಿಷಯವನ್ನು ಪಾತ್ರೆ ಮಾರುವವನ ಹತ್ತಿರ ಕೇಳಲೇಬೇಡಿ, ಕಚೇರಿಗೆ ಹೋಗಿ ಕೇಳಿ. ಬಿಲ್‌ನಲ್ಲಿ ಏನು ಬರೆದಿದ್ದಾನೆ ಅಂತ ದುಡ್ಡು ಕೊಡುವ ಮೊದಲೇ ತರಿಸಿಕೊಂಡು ಓದಿ.

ನಿನ್ನೆ ಮತ್ತೆ ಆ ವಿಡಿಯೊ ಬಂತು. ಅದೇ ಹಂಡೆ, ಅದೇ ದನಿ. ಪೇಜಿನ ಹೆಸರು ಮಾತ್ರ ಬೇರೆ. ಕೆಳಗೆ ಯಾರೋ ‘ಲೈಸೆನ್ಸ್ ಬೇಕಾ?’ ಅಂತ ಕೇಳಿದ್ದರು. ‘ಮನೆಗೆ ಆದ್ರೆ ಬೇಡ ಸಾರ್’ ಅಂತ ಉತ್ತರ ಕೊಟ್ಟಿದ್ದಾನೆ.