ಬಟ್ಲರ್ ಮ್ಯಾಟ್ರಿಕ್ಸಾ, ರಾಟ್‌ಮನ್ ಲೆನ್ಸಾ? 24 ಗಿಗಾಹರ್ಟ್ಸ್‌ಗೆ ನನ್ನ ಆಯ್ಕೆ
ಆಂಟೆನಾವನ್ನು ಅಲುಗಾಡಿಸದೆ ಅದರ ಬೀಮನ್ನು (ಸಿಗ್ನಲ್ ಹೋಗುವ ದಿಕ್ಕನ್ನು) ಬದಲಿಸಲು ಈ ಸರ್ಕ್ಯೂಟ್‌ಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಾಟ್‌ಮನ್ ಲೆನ್ಸ್‌ಗೆ. ಬಟ್ಲರ್ ಮ್ಯಾಟ್ರಿಕ್ಸ್, ಫೇಸ್ ಶಿಫ್ಟರ್ ಚಿಪ್ (ಪ್ರತಿ ಆಂಟೆನಾದ ಸಿಗ್ನಲ್‌ನ ಫೇಸ್ ಬದಲಿಸುವ ಚಿಪ್) ಎರಡನ್ನೂ ಮಾಡಿ ನೋಡಿದ ಮೇಲೇ ಹೇಳುತ್ತಿರುವುದು.

ಬಟ್ಲರ್ ಲೆಕ್ಕದಲ್ಲಿ ತುಂಬಾ ಚೆಂದ. ನಾಲ್ಕು ಪೋರ್ಟ್, ನಾಲ್ಕು ಪ್ಯಾಚ್ (ಬೋರ್ಡ್ ಮೇಲಿನ ಚಪ್ಪಟೆ ಆಂಟೆನಾ), ಒಂದು ಸ್ವಿಚ್. ಯಾವ ಪೋರ್ಟ್‌ಗೆ ಸಿಗ್ನಲ್ ಕೊಡುತ್ತೇವೋ ಅದರಂತೆ ಬೀಮ್‌ನ ದಿಕ್ಕು. ಪ್ಯಾಚ್‌ಗಳನ್ನು ಅರ್ಧ ತರಂಗಾಂತರ ದೂರಕ್ಕೆ ಇಟ್ಟರೆ ಬೀಮ್‌ಗಳು ಎರಡೂ ಕಡೆ ಸುಮಾರು 14.5 ಮತ್ತು 48.6 ಡಿಗ್ರಿಗೆ ನಿಲ್ಲುತ್ತವೆ.

ತಲೆನೋವು ಶುರುವಾಗುವುದು ಬೋರ್ಡ್‌ನಿಂದ. ಅಗ್ಗ ಅಂತ ಎಫ್‌ಆರ್4 (ಮಾಮೂಲಿ ಸರ್ಕ್ಯೂಟ್ ಬೋರ್ಡ್‌ನ ಗ್ಲಾಸ್-ಎಪಾಕ್ಸಿ) ಮೇಲೆ ಮಾಡಿಸಿದೆ. ಮೊದಲ ಬ್ಯಾಚ್ ಪರವಾಗಿಲ್ಲ. ಅದೇ ಫೈಲ್, ಅದೇ ಫ್ಯಾಕ್ಟರಿ, ಮುಂದಿನ ಬ್ಯಾಚ್ ಮಾತ್ರ ಬೇರೆಯದೇ ಆಂಟೆನಾ! ಎಫ್‌ಆರ್4ನ ಡೈಎಲೆಕ್ಟ್ರಿಕ್ ಕಾನ್ಸ್ಟಂಟ್ (ಅದರೊಳಗೆ ಅಲೆ ಎಷ್ಟು ನಿಧಾನವಾಗುತ್ತದೆ ಅನ್ನುವುದನ್ನು ನಿರ್ಧರಿಸುವ ಸಂಖ್ಯೆ) 4.2 ಇರಬಹುದು, 4.6 ಇರಬಹುದು, ಯಾರೂ ಗ್ಯಾರಂಟಿ ಕೊಡುವುದಿಲ್ಲ. ಅಷ್ಟು ವ್ಯತ್ಯಾಸಕ್ಕೇ ಹೈಬ್ರಿಡ್‌ಗಳ (ಬಟ್ಲರ್ ಒಳಗೆ ಸಿಗ್ನಲನ್ನು ಎರಡಾಗಿ ಹಂಚುವ ತುಂಡುಗಳು) ಮಧ್ಯದ ಫ್ರೀಕ್ವೆನ್ಸಿ ಸುಮಾರು 1 ಗಿಗಾಹರ್ಟ್ಸ್ ಜಾರುತ್ತದೆ, ನಮ್ಮ ಐಎಸ್‌ಎಂ (ಕೈಗಾರಿಕೆ, ವಿಜ್ಞಾನ, ವೈದ್ಯಕೀಯ) ಬ್ಯಾಂಡ್ ಇರುವುದೇ 24ರಿಂದ 24.25ರವರೆಗೆ. ಹೈಬ್ರಿಡ್ ಹೇಗೋ ತಡೆದುಕೊಳ್ಳುತ್ತದೆ ಅಂದರೂ ಕ್ರಾಸ್‌ಓವರ್ (ಎರಡು ದಾರಿಗಳು ಒಂದನ್ನೊಂದು ದಾಟುವ ಜಾಗ) ಬಿಡುವುದಿಲ್ಲ, ಎರಡು ಹೈಬ್ರಿಡ್ ಜೋಡಿಸಿಯೇ ಅದನ್ನು ಮಾಡುವುದು ಅಲ್ವಾ, ಒಂದು ದಾರಿಯ ಸಿಗ್ನಲ್ ಇನ್ನೊಂದಕ್ಕೆ ಸೋರಿ ಸೈಡ್‌ಲೋಬ್ (ಬೇಡದ ದಿಕ್ಕಿಗೆ ಹೋಗುವ ಸಿಗ್ನಲ್) ಏರಿಬಿಡುತ್ತದೆ. ಸಿಮ್ಯುಲೇಶನ್‌ನಲ್ಲಿ ಇದ್ಯಾವುದೂ ಕಾಣಲಿಲ್ಲ, ಅಲ್ಲಿ ನಾನು ಕೊಟ್ಟ ಒಂದೇ ಸಂಖ್ಯೆ ಇತ್ತಲ್ಲ.

ಅದೇ ಬೋರ್ಡ್ ಮೇಲೆ ಲೆನ್ಸ್ ಮಾಡಿದಾಗ ಬೀಮ್ ಒಂದೆರಡು ಡಿಗ್ರಿ ಸರಿಯಿತು, ಅಷ್ಟೇ. ಲೆನ್ಸ್ ಕೆಲಸ ಮಾಡುವುದು ದಾರಿಯ ಉದ್ದದ ಮೇಲೆ, ಆದ್ದರಿಂದ ಫ್ರೀಕ್ವೆನ್ಸಿ ಬದಲಾದರೂ ಬೀಮ್ ಅಲ್ಲೇ ಇರುತ್ತದೆ. ಆದರೆ ಜಾಗ ಜಾಸ್ತಿ ತಿನ್ನುತ್ತದೆ. ಪಕ್ಕದ ಡಮ್ಮಿ (ಬಳಕೆಗಿಲ್ಲದ) ಪೋರ್ಟ್‌ಗಳನ್ನು ಸರಿಯಾಗಿ ಟರ್ಮಿನೇಟ್ ಮಾಡದಿದ್ದರೆ, ಅಂದರೆ ಸಿಗ್ನಲ್ ಹೀರಿಕೊಳ್ಳುವಂತೆ ಮುಚ್ಚದಿದ್ದರೆ, ಸಿಗ್ನಲ್ ಒಳಗೇ ಬಡಿದು ವಾಪಸ್ ಬರುತ್ತದೆ.

ಸಿಗ್ನಲ್ ನಷ್ಟದಲ್ಲಿ ಎರಡೂ ಒಂದೇ: ಎಫ್‌ಆರ್4 ಸೆಂಟಿಮೀಟರ್‌ಗೆ ಮುಕ್ಕಾಲು ಡೆಸಿಬೆಲ್ ಹತ್ತಿರ ನುಂಗುತ್ತದೆ. ಈಗ ಲೆನ್ಸನ್ನು ಆರ್‌ಒ4350ಬಿ (ಹೈ ಫ್ರೀಕ್ವೆನ್ಸಿಗೆಂದೇ ಮಾಡಿದ ಬೋರ್ಡ್) ಮೇಲೆ ಮಾಡಿಸುತ್ತೇನೆ. ಉಳಿಸಿದ ದುಡ್ಡೆಲ್ಲ ಅಲ್ಲಿಗೇ ಹೋಗಲಿ.

ಫೇಸ್ ಶಿಫ್ಟರ್ ಚಿಪ್? ಬೀಮ್ ಬೇಕಾದ ಕಡೆ ತಿರುಗುತ್ತದೆ, ಜೇಬು ಖಾಲಿ, ಮೇಲೆ ಒಂದೊಂದು ಚಾನೆಲ್ ಕ್ಯಾಲಿಬ್ರೇಟ್ ಮಾಡುವ ಕೋಡ್ ಬೇರೆ ಬರೆಯಬೇಕು.

ನನ್ನ ಲಿಂಕ್‌ಗೆ ಐದಾರು ದಿಕ್ಕು ಸಾಕು, ಕ್ಯಾಲಿಬ್ರೇಶನ್ ಅಂದರೆ ನನಗೆ ಅಲರ್ಜಿ. ಚಲಿಸುವ ಗುರಿಯನ್ನು ಹಿಂಬಾಲಿಸಬೇಕಾದವರು ಚಿಪ್‌ಗೇ ಹೋಗಿ. ಬೋರ್ಡ್‌ನಲ್ಲಿ ಜಾಗವೇ ಇಲ್ಲ ಅನ್ನುವವರಿಗೆ ಬಟ್ಲರ್ ಇದೆ, ಆದರೆ ಎಫ್‌ಆರ್4 ಮೇಲೆ ಮಾತ್ರ ಬೇಡ.